ತೊಗಟೆ ಸುಲಿದ ಕೈ

ಗುಂಡು ನನ್ನ ಕಿವಿಯ ಪಕ್ಕದ ದೇವದಾರಿಗೆ ಬಡಿಯಿತು!

ತೊಗಟೆಯ ಚೂರು ಕೆನ್ನೆಗೆ ಚುಚ್ಚಿತು. ಓಡಿದೆ.

"ತೂದಾ! ಆ ಕ್ಯಾಮೆರಾ ಬಿಸಾಕಿ ಮನೆಗೆ ಹೋಗು!" ಹಿಂದೆ ಜೀಪಿನಿಂದ ಮಿಮೂನ್ ಕೂಗಿದ. ಅಟ್ಲಾಸ್ ಬೆಟ್ಟದ ಈ ಮಗ್ಗುಲಲ್ಲಿ ಅವನ ಗರಗಸ ಮುಟ್ಟದ ಕಾಡಿಲ್ಲ.

"ಗಂಡಸಾದ್ರೆ ಇಳಿದು ಬಂದು ತಗೋ!"

ಹೇಳೋದು ಸುಲಭ. ನನಗೆ ನಲವತ್ತೆಂಟು. ಎಡಗಾಲಿನ ಚಪ್ಪಲಿ ಎಲ್ಲೋ ಬಿದ್ದಿತ್ತು...

ಡಾಕ್ಟರ್ ಬಹೀಜಾ ನಮ್ಮ ಕಾಡಿನ ಬಾಲವಿಲ್ಲದ ಕೋತಿಗಳನ್ನು ಎಣಿಸಲು ಮರಮರಕ್ಕೆ ಕ್ಯಾಮೆರಾ ಕಟ್ಟಿದ್ದರು. ಅವನ್ನು ಕಾಯುವುದು ನನ್ನ ಕೆಲಸ. ಎರಡು ವರ್ಷದಿಂದ ದೇವದಾರುಗಳು ನಿಂತಲ್ಲೇ ಒಣಗುತ್ತಿದ್ದವು. ಕೋತಿಗಳೇ ತೊಗಟೆ ಸುಲಿದು ಕೊಲ್ಲುತ್ತಿವೆ ಎಂದು ಮಿಮೂನ್ ಊರನ್ನೆಲ್ಲ ನಂಬಿಸಿದ್ದ. ಇವತ್ತು ನಾಲ್ಕು ಗಂಟೆಗೆ ಅರಣ್ಯ ಕಚೇರಿಯಲ್ಲಿ ತೀರ್ಮಾನ. ಒಣಮರಗಳನ್ನು ಕಡಿಯುವ ಹಕ್ಕೆಲ್ಲ ಮಿಮೂನನಿಗೆ. ಕೋತಿಗಳು ಬೋನಿಗೆ.

ನನ್ನ ಕೊರಳಲ್ಲಿದ್ದ ಕ್ಯಾಮೆರಾ ಬೇರೆಯೇ ಕತೆ ಹೇಳುತ್ತಿತ್ತು.

ಕಾಡು ಮುಗಿಯಿತು. ಮುಂದೆ ಬಯಲು. ಬಯಲಿನಲ್ಲಿ ಒಂದು ಕರಿ ಡೇರೆ.

ಒಳಗೆ ನುಗ್ಗಿದವಳೇ ನಡುಗಂಬವನ್ನು ಎರಡೂ ಕೈಯಿಂದ ಅಪ್ಪಿಕೊಂಡೆ!

ನಮ್ಮಲ್ಲಿ ಡೇರೆಯ ಕಂಬ ಹಿಡಿದವರು ಆ ಡೇರೆಯ ಒಡತಿಯ ಆಸರೆಯಲ್ಲಿದ್ದಂತೆ. ಅವರ ಮೈಮೇಲೆ ಕೈ ಮಾಡಿದವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಸತ್ತರೆ ಹೆಣಕ್ಕೆ ಹೆಗಲೂ ಕೊಡುವುದಿಲ್ಲ.

ಒಡತಿ ಮುದುಕಿ ಇಜ್ಜಾ. ಮಿಮೂನನ ತಾಯಿ.

ಬೇಕೆಂದೇ ಅಲ್ಲಿಗೆ ಓಡಿದ್ದೆ.

ಇಜ್ಜಾ ಮೊದಲು ನನ್ನ ಕಾಲು ನೋಡಿದಳು. ನೀರು ತಂದು ರಕ್ತ ತೊಳೆದಳು. ತನ್ನ ತಲೆವಸ್ತ್ರದ ಅಂಚು ಹರಿದು ಕಟ್ಟಿದಳು.

ಮಿಮೂನ್ ಬಾಗಿಲಲ್ಲಿ ನಿಂತ. ಕೈಯಲ್ಲಿ ಬಂದೂಕು.

"ಯಮ್ಮಾ, ಅವಳನ್ನ ಮುಟ್ಟಲ್ಲ. ಕ್ಯಾಮೆರಾ ಕೊಡ್ಲಿ, ಸಾಕು."

"ಬಂದೂಕು ಹೊರಗಿಡು. ಮನೆಗೆ ನೆಂಟರು ಬಂದಿದಾರೆ."

"ಯಮ್ಮಾ...!"

"ಹೊರಗಿಡು ಅಂದೆ!"

ಇಟ್ಟ.

"ಅದರಲ್ಲಿ ಏನಿದೆ ಮಗಳೇ?" ಇಜ್ಜಾ ನನ್ನ ಕಡೆ ತಿರುಗಿದಳು.

ತೋರಿಸಿದೆ. ಪುಟ್ಟ ಪರದೆಯಲ್ಲಿ ಒಂದು ದೇವದಾರು. ಬುಡದಲ್ಲಿ ಮಿಮೂನ್. ಕೊಡಲಿಯಿಂದ ಸುತ್ತಲೂ ತೊಗಟೆ ಕೆತ್ತುತ್ತಿದ್ದಾನೆ. ಮೇಲಿನ ಕೊಂಬೆಯಲ್ಲಿ ಮರಿ ಅವಚಿಕೊಂಡ ಕೋತಿ ಅವನನ್ನೇ ನೋಡುತ್ತಿದೆ.

ಮುದುಕಿ ಪರದೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಕೋತಿ ಅಂದೆಯಲ್ಲೋ..." ಮಗನ ಕಡೆ ತಿರುಗಿದಳು. "ಎರಡು ವರ್ಷ ನಾನು ಅವಕ್ಕೆ ಕಲ್ಲು ಹೊಡೆದೆ. ಮರಿ ಎತ್ಕೊಂಡಿದ್ದವಕ್ಕೂ ಹೊಡೆದೆ."

ಮಿಮೂನ್ ಬಾಗಿಲಲ್ಲೇ ಕುಸಿದು ಕೂತ.

"ಹೊತ್ತಾಗ್ತಿದೆ ಇಜ್ಜಾ," ಅಂದೆ. "ನಾಲ್ಕು ಗಂಟೆಗೆ ನಾನು ಅರಣ್ಯ ಕಚೇರೀಲಿ ಇರಬೇಕು."

"ಇರ್ತೀಯ. ಕಂಬ ಹಿಡಿದವರನ್ನ ಅವರು ಹೇಳಿದ ಜಾಗಕ್ಕೆ ಮುಟ್ಟಿಸೋದು ಮನೆ ಗಂಡಸಿನ ಕೆಲಸ. ಏಳೋ, ಜೀಪ್ ತೆಗಿ!"

"ನಾನಾ?! ನನ್ನ ಕುತ್ತಿಗೇನ ನಾನೇ ಹೊತ್ಕೊಂಡು ಹೋಗಿ ಒಪ್ಪಿಸ್ಲಾ?"

"ಈ ಮನೇಲಿ ಇನ್ಯಾವ ಗಂಡಸಿದಾನೆ?"

ಹೊರಡುವಾಗ ಇಜ್ಜಾ ತನ್ನ ಚಪ್ಪಲಿ ಬಿಚ್ಚಿ ನನ್ನ ಕಾಲಿಗೆ ತೊಡಿಸಿದಳು. ಮಗನಿಗೆ ಒಂದು ರೊಟ್ಟಿ ಕೊಟ್ಟಳು. ಮುಖ ನೋಡದೆ ಕೊಟ್ಟಳು.

ಕಾಡಿನ ದಾರಿ. ಮಿಮೂನ್ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದ. ರಸ್ತೆಯ ನಡುವೆ ಒಂದು ಕೋತಿ, ಎದೆಯಲ್ಲಿ ಮರಿ. ಅವನ ಕೈ ಹಾರ್ನ್ ಕಡೆ ಹೋಯಿತು.

"ನಿಧಾನ ಮಿಮೂನ್," ಅಂದೆ. "ನಿನ್ನ ಸಾಕ್ಷಿ ರಸ್ತೆ ದಾಟ್ತಿದೆ."