ಹಿಂಬದಿಯ ಎಡ ಚಕ್ರ

ಮೊದಲಿಗೆ ಒಂದು ಗಂಭೀರ ವಿಷಯವನ್ನು ಇತ್ಯರ್ಥ ಮಾಡಿಬಿಡಬೇಕು. ಅದು ಆಟದ ಕಾರಲ್ಲ, ಮಾದರಿ ಕಾರು. ಆಟದ ಕಾರನ್ನು ಮಕ್ಕಳು ನೆಲದ ಮೇಲೆ ಓಡಿಸುತ್ತಾರೆ. ಮಾದರಿ ಕಾರನ್ನು ದೊಡ್ಡವರು ಆರು ತಿಂಗಳು ಕೂತು ಕಟ್ಟಿ, ಗಾಜಿನ ಮುಚ್ಚಳದಡಿ ಇಟ್ಟು, ಉಸಿರು ಬಿಗಿಹಿಡಿದು ನೋಡುತ್ತಾರೆ. ಈ ಭೇದ ಮರೆತು ಬಾಯಿಬಿಟ್ಟದ್ದಕ್ಕೆ ಊರಿನ ಮಾದರಿಗಾರರ ಸಂಘದಿಂದ ಇಬ್ಬರು ಉಚ್ಚಾಟಿತರಾಗಿದ್ದರು; ಮೂರನೆಯವರು ಲಿಖಿತ ಕ್ಷಮಾಪಣೆ ಕೊಟ್ಟು ಬಚಾವಾಗಿದ್ದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಸಂಘದ ಅತ್ಯಂತ ಕುಶಲ ಸದಸ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ತಮ್ಮ ಕೆಲಸದ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿದ್ದರು.

ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಬಡಿದ ವಸ್ತು ಪಕ್ಕದಲ್ಲೇ ಇತ್ತು—ಸಣ್ಣ ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್, ಮೂರು ಕೆಜಿ ತೂಕದ್ದು. ಅದರ ದವಡೆಯಲ್ಲಿ ಬಿಳಿ ಕೂದಲು, ಕೂದಲಿನ ಜೊತೆ ಚರ್ಮ. ಆಮೇಲೆ ಕತ್ತಿನ ಮೇಲೆ ಸಣ್ಣ ಬ್ಲೇಡು ಎರಡು ಸಲ ಆಡಿತ್ತು. ತಲೆಯ ಏಟಿಗೇ ಪ್ರಾಣ ಹೋಗಿತ್ತು, ಕತ್ತಿನದು ಬರೀ ಸಿಟ್ಟು ಎಂದರು ಪೊಲೀಸ್ ಡಾಕ್ಟರು. ಸಾವಿನ ಹೊತ್ತು ಒಂಬತ್ತರ ಆಸುಪಾಸು.

ಗೋಡೆ, ಬಣ್ಣದ ಡಬ್ಬಿ, ಕುಂಚ, ಮೇಜು, ದೀಪ—ರಕ್ತ ಯಾವುದನ್ನೂ ಬಿಟ್ಟಿರಲಿಲ್ಲ. ಮೇಜಿನ ನಡುವಿದ್ದ ಗಾಜಿನ ಮುಚ್ಚಳದ ಮೇಲೂ ಚಿಮ್ಮಿತ್ತು. ಮುಚ್ಚಳದೊಳಗೆ ಮಾತ್ರ ಎಲ್ಲವೂ ಶಾಂತ. ಅಂಗೈ ಉದ್ದದ ಕೆಂಪು ಕಾರೊಂದು ಥಳಥಳಿಸುತ್ತಿತ್ತು. ಅರವತ್ತರ ದಶಕದ ಅಮೆರಿಕನ್ ಮಸಲ್ ಕಾರು: ಎರಡೇ ಬಾಗಿಲು, ಉದ್ದ ಮೂತಿ, ಜಗಳಕ್ಕೆ ನಿಂತವನ ಹಾಗೆ ಎತ್ತಿದ ಹಿಂಭಾಗ.

"ಬಾಗಿಲು ಮುರಿದಿಲ್ಲ, ಕಪಾಟು ಮುಟ್ಟಿಲ್ಲ, ಕಾರು ಇದ್ದಲ್ಲೇ ಇದೆ," ಎಂದರು ಸಬ್ ಇನ್‌ಸ್ಪೆಕ್ಟರ್. "ಮನೆಯವರದೇ ಕೆಲಸ ಮೇಡಂ. ಅಳಿಯ ಸಿಕ್ಕಿದಾನೆ."

ನಮ್ಮ ಇನ್‌ಸ್ಪೆಕ್ಟರನ್ನು ಠಾಣೆಯಲ್ಲೆಲ್ಲ ಮೇಡಂ ಎನ್ನುತ್ತೇವೆ. ಮೂರು ದಿನದಿಂದ ಅವರಿಗೆ ಹಲ್ಲುನೋವು. ಕೆನ್ನೆಗೆ ಕೈಯಿಟ್ಟುಕೊಂಡೇ ಅವರು ಠಾಣೆಯ ರೈಟರ್ ಆದ ನನ್ನತ್ತ ತಿರುಗಿದರು. "ರೈಟ್ರೇ, ಪಟ್ಟಿ ಬರ್ಕೊಳ್ಳಿ. ಒಂದು ಗುಂಡುಸೂಜೀನೂ ಬಿಡ್ಬೇಡಿ."

ಬರೆದೆ. ಗಾಜಿನ ಮುಚ್ಚಳ ಒಂದು, ರಕ್ತಸಹಿತ. ಕಾರು ಒಂದು, ರಕ್ತರಹಿತ, ಬೆಳ್ಳಿ ಬಣ್ಣದ ಚಕ್ರ ನಾಲ್ಕು. ಬಿಡಿಭಾಗ ಬಂದ ಖಾಲಿ ಡಬ್ಬ ಒಂದು. ಕಸದ ಬುಟ್ಟಿ ಒಂದು: ಒಳಗೆ ಒರೆಸಿದ ಬಟ್ಟೆ, ಗರಗಸದ ಪುಡಿ, ಎರಡು ಹೋಳಾದ ಬೆಳ್ಳಿ ಬಣ್ಣದ ಚಕ್ರ ಒಂದು. ಬರೆಯುವುದಷ್ಟೇ ನನ್ನ ಕೆಲಸ. ಓದುವುದು ಸರ್ಕಾರ ನನಗೆ ವಹಿಸಿಲ್ಲ.

ಅಳಿಯ ಅಂಗಳದ ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಲಿಫ್ಟ್ ರಿಪೇರಿಯವನು. ಮೊಣಕೈವರೆಗೆ ಮಾವನ ರಕ್ತ. ಗಲ್ಲದ ಮೇಲಿದ್ದದ್ದು ಅವನದೇ. ಪ್ರಶ್ನೆ ಕೇಳುವ ಮುಂಚೆಯೇ ಸಬ್ ಇನ್‌ಸ್ಪೆಕ್ಟರು ಅವನ ತುಟಿಯಲ್ಲಿ ಉತ್ತರ ಹುಡುಕಿದ್ದರು.

"ಯಾವಾಗ ನೋಡ್ದೆ?" ಮೇಡಂ ಕೇಳಿದರು.

"ಹನ್ನೊಂದಕ್ಕೆ. ಎಂಟಕ್ಕೆ ಹೆಂಡ್ತೀನ ಚೆಕಪ್ಪಿಗೆ ಆಸ್ಪತ್ರೇಲಿ ಬಿಟ್ಟು ಬಂದೆ. ಮಾವ ಬಿದ್ದಿದ್ರು. ಎತ್ತೋಕೆ ಹೋದೆ. ತಲೆ… ಕೈಯೊಳಗೇ ಮೆತ್ತಗಾಯ್ತು ಮೇಡಂ."

"ಎಂಟಕ್ಕೆ ಬಿಟ್ಟವನು ಹನ್ನೊಂದಕ್ಕೆ ಬಂದ್ಯಾ? ನಡುವೆ ಎಲ್ಲಿದ್ದೆ?"

"ಸುಮ್ನೆ ಸುತ್ತಾಡ್ದೆ."

"ಯಾರಾದ್ರೂ ನೋಡಿದಾರಾ?"

"ಇಲ್ಲ."

"ಸುತ್ತಾಡೋ ಅಂಥದ್ದು ಏನಾಗಿತ್ತು?"

ಅವನು ರಕ್ತ ಉಗುಳಿದ. "ನಿನ್ನೆ ಜಗಳ ಆಗಿತ್ತು. ಮಗೂಗೆ ಈ ಕೋಣೆ ಬೇಕು ಅಂದೆ. 'ಮಗು ಎಲ್ಲಾದ್ರೂ ಮಲಗುತ್ತಪ್ಪ, ನನ್ನ ಕಾರು ಎಲ್ಲಿ ಮಲಗ್ಬೇಕು?' ಅಂದ್ರು. ಈ ಆಟದ ಸಾಮಾನೆಲ್ಲ ಚರಂಡಿಗೆ ಎಸೀತೀನಿ ಅಂದ್ಬಿಟ್ಟೆ."

"ಕೇಳಿದ್ರಾ?" ಸಬ್ ಇನ್‌ಸ್ಪೆಕ್ಟರ್ ಬೆಲ್ಟು ಸರಿಮಾಡಿಕೊಂಡರು. "ಆರಕ್ಕೆ ಜಡ್ಜ್ ಮುಂದೆ ನಿಲ್ಲಿಸಿಬಿಡೋಣ."

ಅಷ್ಟರಲ್ಲಿ ಮೇಷ್ಟ್ರ ಮಗಳು ಬಂದಳು. ಏಳು ತಿಂಗಳ ಬಸುರಿ. ಕೋಣೆಯೊಳಗೆ ಒಮ್ಮೆ ಇಣುಕಿದಳು, ಗಂಡನ ತುಟಿ ನೋಡಿದಳು, ನೇರ ಬಂದು ಮೇಡಂ ತೋಳು ಹಿಡಿದಳು. ಅಳಲಿಲ್ಲ.

"ಅಪ್ಪ ಹೋದ್ರು. ಇವ್ರನ್ನೂ ಕರ್ಕೊಂಡು ಹೋಗ್ತೀರಾ? ಒಂದು ಮಾತು ಹೇಳಿಬಿಡಿ ಅಕ್ಕ. ಒಬ್ರಿಗೋಸ್ಕರ ಅಳ್ಲಾ, ಇಬ್ರಿಗೋಸ್ಕರ ಅಳ್ಲಾ?"

"ಆರು ಗಂಟೆ ತನಕ ಒಬ್ರಿಗೆ ಅಳಮ್ಮ," ಎಂದರು ಮೇಡಂ.

ಹನ್ನೆರಡೂವರೆಗೆ ಸಂಘದ ಅಧ್ಯಕ್ಷರು ಬಂದರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗೆರೆ ಎಳೆದಂಥ ಬೈತಲೆ. ಮೇಷ್ಟ್ರಿಗಾಗಿ ಒಂದು ನಿಟ್ಟುಸಿರು ಬಿಟ್ಟವರು ಮರುಕ್ಷಣ ಮೇಡಂ ಮುಖವನ್ನೇ ದಿಟ್ಟಿಸಿದರು.

"ಬಲಗಡೆ, ಕೆಳಗೆ, ಹಿಂದಿನಿಂದ ಎರಡನೇದು. ಅಲ್ವಾ?"

"ಅದು ಆಮೇಲೆ ಡಾಕ್ಟ್ರೇ. ಮೇಷ್ಟ್ರಿಗೆ ವೈರಿಗಳು?"

"ಮನೆಯೊಳಗೇ ಇದ್ರಲ್ಲ!" ಅಳಿಯನತ್ತ ಗಲ್ಲ ಹೊರಳಿಸಿದರು. "ಕಲೆ ಅಂದ್ರೆ ಗೊತ್ತಿಲ್ಲದ ಜನ."

"ಈ ಕಾರು ಹೇಗಿದೆ? ನಮಗಂತೂ ತಿಳಿಯೋದಿಲ್ಲ."

ಡಾಕ್ಟರ ಮುಖ ಅರಳಿತು. "ಪರಿಪೂರ್ಣ! ಒಂದೇ ಒಂದು ತಪ್ಪು ತೋರಿಸಿ ನೋಡೋಣ. ಸುಲಭಕ್ಕೆ ಸಿಗೋ ಕಿಟ್ಟಲ್ಲ ಇದು. ಇಡೀ ಊರಲ್ಲಿ ಎರಡೇ. ಇನ್ನೊಂದು ನನ್ನ ಹತ್ರ ಇದೆ, ಡಬ್ಬ ಕೂಡ ಒಡೆದಿಲ್ಲ."

ಎರಡು ಗಂಟೆಗೆ ಕಾರಿನ ಗಿರಾಕಿ ಬಂದಳು. ಗ್ಯಾರೇಜ್ ನಡೆಸುವವಳು, ಎಲ್ಲರ ಬಾಯಲ್ಲಿ ಗ್ಯಾರೇಜ್ ಅಕ್ಕ. ತೋಳು ಮಡಚಿದ ಅಂಗಿ, ಉಗುರಿನಲ್ಲಿ ಗ್ರೀಸು. ಸುದ್ದಿ ಕೇಳಿ ಗ್ರೀಸು ಕೈಯಲ್ಲೇ ಮುಖ ಒರೆಸಿಕೊಂಡಳು. ಸುಧಾರಿಸಿಕೊಂಡ ಮೇಲೆ ಮೇಡಂ ಅವಳಿಗೆ ಕಾರು ತೋರಿಸಿದರು.

"ಇದು ನನ್ನ ತಮ್ಮನ ಕಾರಲ್ಲ."

"ಅಂದ್ರೆ?"

"ತಮ್ಮ ಹೋಗಿ ವರ್ಷ ಆಯ್ತು. ಅವನ ಕಾರು ಹೇಗಿತ್ತೋ ಹಾಗೇ ಮಾಡ್ಕೊಡಿ ಅಂತ ಮೇಷ್ಟ್ರಿಗೆ ಹೇಳಿದ್ದೆ. ಹಿಂದಿನ ಎಡ ಚಕ್ರ ಒಂದ್ಸಲ ಮುರಿದು, ಜೋಡಿ ಸಿಗ್ಲಿಲ್ಲ. ನಾನೇ ಒಂದು ಹಳೇ ಪಿಕಪ್ಪಿನ ಕರೀ ಚಕ್ರ ಹಾಕ್ಕೊಟ್ಟೆ. 'ಕುಂಟನಿಗೆ ಬೂಟು ಹಾಕ್ದಂಗಿದೆ ಕಣೇ' ಅಂತ ನಗೋನು. ಒಂಬತ್ತು ವರ್ಷ ಅದರಲ್ಲೇ ಓಡಿಸ್ದ. ಮೇಷ್ಟ್ರು ನಿನ್ನೆ ಸಂಜೆ ತೋರಿಸಿದಾಗ ಆ ಕರೀ ಚಕ್ರ ಇತ್ತು. ನೋಡಿ ಅತ್ತೂ ಬಿಟ್ಟೆ. ಈಗ ನಾಲ್ಕೂ ಬೆಳ್ಳಿ! ಯಾರ್ರೀ ಇದನ್ನ ಸರಿ ಮಾಡಿ ಹಾಳು ಮಾಡಿದ್ದು?"

ಮೇಡಂ ಕೆನ್ನೆಯಿಂದ ಕೈ ತೆಗೆದರು. ನನ್ನ ಪಟ್ಟಿ ಕಿತ್ತುಕೊಂಡು ಓದಿದರು. ಮೇಜಿನ ಮೇಲೆ ಬಗ್ಗಿ, ಮುಚ್ಚಳದ ಬುಡವನ್ನು ಬಹಳ ಹೊತ್ತು ನೋಡಿದರು.

"ನಡೀರಿ," ಎಂದರು. "ಹಲ್ಲು ತೋರಿಸ್ಕೊಂಡು ಬರೋಣ."

ಡಾಕ್ಟರ ಕ್ಲಿನಿಕ್ ಅವರ ಮನೆಯ ಮುಂದಿನ ಕೋಣೆ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಅದರೊಳಗೆ ಮೂವತ್ತು ಮಾದರಿ ಕಾರು, ಒಂದರ ಮೂತಿಯೂ ಸಾಲು ತಪ್ಪಿಲ್ಲ. ಮೇಡಂ ಕುರ್ಚಿಯಲ್ಲಿ ಕೂರಲಿಲ್ಲ.

"ಡಾಕ್ಟ್ರೇ, ಆ ಒಡೆಯದ ಕಿಟ್ ತೋರಿಸಿ."

"ಅದು… ಎಲ್ಲಿಟ್ಟಿದೀನೋ—"

ಸಬ್ ಇನ್‌ಸ್ಪೆಕ್ಟರ್ ಕೆಳಗಿನ ಖಾನೆಯಿಂದ ಡಬ್ಬ ಎಳೆದರು. ಸೀಲು ಒಡೆದಿತ್ತು. ಪ್ಲಾಸ್ಟಿಕ್ ಹಂದರಕ್ಕೆ ಅಂಟಿಕೊಂಡಿದ್ದ ಬೆಳ್ಳಿ ಚಕ್ರಗಳು ಮೂರು. ನಾಲ್ಕನೆಯ ಜಾಗ ಖಾಲಿ, ಕತ್ತರಿಸಿದ ಗುರುತು ಇನ್ನೂ ಹೊಸದು.

ಆಗ ಡಾಕ್ಟರ ಕೈ ಕುರ್ಚಿಯ ಪಕ್ಕದ ಉಪಕರಣಗಳ ತಟ್ಟೆಯತ್ತ ಹೋದದ್ದನ್ನು ನಾನು ಕಂಡೆ. ಒಸಡು ಕೊಯ್ಯುವ ಚಾಕು ಮೇಡಂ ಕತ್ತಿಗೆ ಬಂತು. ನಡುವೆ ಕೈ ಹಾಕಿದೆ. ಅದು ಅಂಗೈಯ ಈ ಕಡೆ ಹೊಕ್ಕು ಆ ಕಡೆ ಹೊರಟಿತು. ಪುಣ್ಯಕ್ಕೆ ಎಡಗೈ, ಬಲಗೈ ಆಗಿದ್ದರೆ ಈ ಕಥೆ ಬರೆಯಲು ಬೇರೊಬ್ಬ ರೈಟರನ್ನು ಹುಡುಕಬೇಕಾಗುತ್ತಿತ್ತು. ಡಾಕ್ಟರು ಚಾಕು ಕಿತ್ತು ಮತ್ತೆ ಎತ್ತಿದರು. ಸಬ್ ಇನ್‌ಸ್ಪೆಕ್ಟರ್ ಕಬ್ಬಿಣದ ಸ್ಟೂಲನ್ನು ಅವರ ಮುಖಕ್ಕೆ ಬೀಸಿದರು. ಮುಂದಿನ ಎರಡು ಹಲ್ಲು ನೆಲದ ಮೇಲೆ ಟಣ್ಣೆಂದವು. ಡಾಕ್ಟರು ಕಪಾಟಿನ ಮೇಲೆ ಬಿದ್ದರು. ಮೂವತ್ತು ಕಾರು ಗಾಜಿನ ಸಮೇತ ಅವರ ಮೈಮೇಲೆ ಸುರಿದವು.

ನನ್ನ ಕೈಗೆ ಬಟ್ಟೆ ಕಟ್ಟುತ್ತಾ ಮೇಡಂ ವಿವರಿಸಿದರು.

"ಪಟ್ಟಿ ಬರೆದವರು ನೀವೇ ರೈಟ್ರೇ, ಎಣಿಸಲಿಲ್ಲ. ಕಾರಲ್ಲಿ ನಾಲ್ಕು, ಬುಟ್ಟೀಲಿ ಒಂದು. ಒಂದು ಡಬ್ಬದಲ್ಲಿ ಐದು ಚಕ್ರ ಬರುತ್ತಾ? ಮೇಷ್ಟ್ರು ನಾಲ್ಕನೇದನ್ನ ಅಳತೆಗೆ ಅಂತ ಕೊಯ್ದು, ಅದನ್ನ ನೋಡ್ಕೊಂಡು ಕರೀ ಚಕ್ರ ಮಾಡಿದ್ರು. ಹಾಗಾದ್ರೆ ಕಾರಿಗೆ ಹಾಕಿದ ನಾಲ್ಕನೇ ಬೆಳ್ಳಿ ಚಕ್ರ ಇನ್ನೊಂದು ಡಬ್ಬದ್ದು. ಊರಲ್ಲಿ ಇರೋದೇ ಎರಡು ಡಬ್ಬ ಅಂತ ಇವರೇ ಹೇಳಿದ್ರಲ್ಲ."

"ಕೊಲೆಗೆ ಬಂದಾಗಲೇ ಚಕ್ರ ತಂದಿರಬಹುದಲ್ಲ ಮೇಡಂ?" ಎಂದರು ಸಬ್ ಇನ್‌ಸ್ಪೆಕ್ಟರ್.

"ಇಲ್ಲ. ಮುಚ್ಚಳ ಮೊದಲಿದ್ದ ಜಾಗದ ಸುತ್ತ ಮೇಜಿನ ಮೇಲೆ ರಕ್ತದ ಗೆರೆ ಒಣಗಿದೆ. ಗೆರೆ ಸೊಟ್ಟ, ಮುಚ್ಚಳ ಮೇಜಿನ ಅಂಚಿಗೆ ನೆಟ್ಟಗೆ. ಅಂದ್ರೆ ರಕ್ತ ಒಣಗಿದ ಮೇಲೆ ಯಾರೋ ಎತ್ತಿ, ನೆಟ್ಟಗೆ ಇಟ್ಟಿದಾರೆ. ಕೊಂದವನು ಮನೆಗೆ ಹೋಗಿದಾನೆ, ಕೈ ತೊಳೆದಿದಾನೆ, ಚಕ್ರ ಕತ್ತರಿಸಿಕೊಂಡು ವಾಪಸ್ ಬಂದಿದಾನೆ. ಹೆಣ ದಾಟ್ಕೊಂಡು ಹೋಗಿ ಚಕ್ರ ಬದಲಾಯಿಸಿದಾನೆ. ಆಟದ ಸಾಮಾನು ಚರಂಡಿಗೆ ಎಸೀತೀನಿ ಅಂದ ಅಳಿಯ ಈ ಕೆಲಸ ಮಾಡ್ತಾನಾ?"

ಡಾಕ್ಟರು ಗಾಜಿನ ಚೂರುಗಳ ನಡುವೆ ಎದ್ದು ಕೂತರು. ಬಾಯಿಂದ ರಕ್ತ ಸುರಿಯುತ್ತಿತ್ತು.

"ಮುಂದಿನ ವಾರ ಪ್ರದರ್ಶನ. ಸಂಘದ ಹೆಸರು ಹಾಕ್ಕೊಂಡು ಆ ಕರೀ ಚಕ್ರ ಇಡೋದಾ? ಬದಲಾಯಿಸಿ ಅಂತ ಕೈ ಮುಗಿದೆ. ನಕ್ಕರು. 'ನಿಮ್ಮ ಕಾರುಗಳು ಕಟ್ಟಿಸಿದ ಹಲ್ಲಿನ ಸೆಟ್ ಇದ್ದ ಹಾಗೆ ಡಾಕ್ಟ್ರೇ, ಒಂದೂ ಸೊಟ್ಟ ಇಲ್ಲ, ಯಾರ ಬಾಯಿದೂ ಅಲ್ಲ' ಅಂದು ಬೆನ್ನು ತಿರುಗಿಸಿದ್ರು."

"ಹೊಡೆದಿರಿ. ಸರಿ. ಹೋದಿರಿ. ಯಾರೂ ನೋಡ್ಲಿಲ್ಲ. ವಾಪಸ್ ಯಾಕೆ ಬಂದ್ರಿ?"

ಡಾಕ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂಬಂತಿತ್ತು.

"ಅದು ಹಾಗೇ ಇತ್ತಲ್ಲ ಮೇಡಂ."

ಕರೀ ಚಕ್ರ ಕ್ಲಿನಿಕ್ಕಿನಲ್ಲೇ, ಕಿತ್ತ ಹಲ್ಲುಗಳನ್ನು ಹಾಕುವ ಡಬ್ಬಿಯಲ್ಲಿ ಸಿಕ್ಕಿತು. ನ್ಯಾಯಾಲಯಕ್ಕೆ ಅಷ್ಟು ಸಾಕಾಯಿತು. ಡಾಕ್ಟರಿಗೆ ಜೀವಾವಧಿ ಶಿಕ್ಷೆಯಾಯಿತು. ಅಳಿಯ ಮಾತ್ರ ಅಂದೇ ಸಂಜೆ ಐದೂ ಮುಕ್ಕಾಲಿಗೆ ತುಟಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಹೆಂಡತಿಯ ಜೊತೆ ಮನೆಗೆ ಹೋದ.