ಈರುಳ್ಳಿ ಪೊರೆಯ ಪಾಠ

"ಕೊಡಲ್ಲ ಅಂದ್ರೆ ಕೊಡಲ್ಲ ಮಿಸ್."

ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದ ಶೌಕಿ. ಎದುರಿಗೆ ರಬಾಬ್, ಕೈಯಲ್ಲೊಂದು ಈರುಳ್ಳಿ. ಈಜಿಪ್ಟಿನ ದಮನ್‌ಹೂರ್ ಊರಿನ ಈ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವಳು ಜೀವಶಾಸ್ತ್ರದ ಟೀಚರಾಗಿ ಬಂದು ಎರಡೇ ದಿನ. ಅವನು ಪ್ರಯೋಗಾಲಯ ನೋಡಿಕೊಳ್ಳುವವನು, ಗೌರವಕ್ಕೆ 'ಉಸ್ತಾಜ್' ಅನ್ನಿಸಿಕೊಳ್ಳುವವನು. ಮೊದಲ ಭೇಟಿಯಲ್ಲೇ ಜಗಳ.

"ಉಸ್ತಾಜ್ ಶೌಕಿ, ಒಳಗೆ ನಾಲ್ಕು ಮೈಕ್ರೋಸ್ಕೋಪ್ ಇವೆ. ನಾನು ಕೇಳ್ತಿರೋದು ಒಂದು."

"ನಾಲ್ಕೂ ನನ್ನ ಸುಪರ್ದಿಯಲ್ಲಿವೆ. ಪುಸ್ತಕದಲ್ಲಿ ನನ್ನ ಸಹಿ ಇದೆ. ಲೆನ್ಸ್ ಒಡೆದರೆ ನನ್ನ ಸಂಬಳದಲ್ಲೇ ಹಿಡಿಯೋದು."

"ಹಾಗಾದ್ರೆ ಉಪ್ಪಿನಕಾಯಿ ಹಾಕ್ಕೊಳ್ಳಿ."

ಅವನು ಅವಳ ಕೈಯಲ್ಲಿದ್ದ ಈರುಳ್ಳಿ ನೋಡಿದ. "ಉಪ್ಪಿನಕಾಯಿಗೆ ಅದೇ ಒಳ್ಳೇದು ಮಿಸ್."

'ಎಂಥ ಜಿಗುಟು ಮನುಷ್ಯ...' ರಬಾಬ್‌ಗೆ ಮೈಯೆಲ್ಲ ಉರಿಯಿತು.

ಮಾರನೇ ದಿನ ಅವನೇ ಕ್ಲಾಸಿಗೆ ಬಂದ. ಒಂದು ಮೈಕ್ರೋಸ್ಕೋಪನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ತಂದು ಮೇಜಿನ ಮೇಲಿಟ್ಟು ಪಕ್ಕದಲ್ಲೇ ಕಾವಲು ನಿಂತ.

"ಕಣ್ಣು ಮಾತ್ರ ಇಡಿ. ಕೈ ಹಿಂದೆ," ಎಂದು ನಲವತ್ತಾರು ಹುಡುಗಿಯರಿಗೂ ತಾಕೀತು ಮಾಡಿದ.

ರಬಾಬ್ ಬೋರ್ಡಿನ ಮುಂದೆ ಪಾಠ ಶುರು ಮಾಡಿದಳು. "ಜೀವಕೋಶಕ್ಕೆ ಕೋಶಭಿತ್ತಿ ಆಕಾರ ಕೊಡುತ್ತೆ. ಒಳಗೆ ಏನು ಬರಬೇಕು, ಏನು ಬರಬಾರದು ಅಂತ ಕೋಶಪೊರೆ ತೀರ್ಮಾನಿಸುತ್ತೆ. ಎಲ್ಲದಕ್ಕೂ ಅಪ್ಪಣೆ ಕೊಡೋದು ಕೋಶಕೇಂದ್ರ."

ಮುಂದಿನ ಬೆಂಚಿನ ಶಾಹಂದಾ ಎದ್ದಳು. "ನಮ್ಮನೇಲಿ ಈ ಮೂರೂ ಕೆಲಸ ಅಜ್ಜೀನೇ ಮಾಡ್ತಾರೆ ಮಿಸ್. ಪರೀಕ್ಷೆಗೆ ಬರುತ್ತಾ?"

ಕ್ಲಾಸು ನಕ್ಕಿತು. ರಬಾಬ್ ಈರುಳ್ಳಿಯ ಪೊರೆ ಸುಲಿದು, ಅಯೋಡಿನ್ ಹನಿಸಿ, ಮೇಲೆ ತೆಳು ಗಾಜು ಮುಚ್ಚಿ ಕಣ್ಣಿಟ್ಟಳು. ದುಂಡಗೆ, ಕಪ್ಪು ಅಂಚಿನದೇನೋ ಕಂಡಿತು.

"ಇದೇ ಜೀವಕೋಶ. ಆ ಕಪ್ಪು ಅಂಚೇ ಕೋಶಭಿತ್ತಿ," ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದಳು.

ಶಾಹಂದಾ ಬಂದು ಇಣುಕಿದಳು. "ಪುಸ್ತಕದಲ್ಲಿ ಇಟ್ಟಿಗೆ ಥರ ಇದೆಯಲ್ಲ ಮಿಸ್?"

ರಬಾಬ್ ಮತ್ತೊಮ್ಮೆ ಕಣ್ಣಿಟ್ಟಳು. ಯಾರಿಗೂ ಹೇಳದ ಗುಟ್ಟೊಂದು ಅವಳಲ್ಲಿತ್ತು. ಹಿಂದಿನ ಶಾಲೆಯಲ್ಲಿ ಆರು ವರ್ಷ ಜೀವಕೋಶದ ಪಾಠ ಮಾಡಿದ್ದರೂ ಜೀವಕೋಶವನ್ನು ಅವಳು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಕಾಲೇಜಿನ ನೂಕುನುಗ್ಗಲಿನಲ್ಲಿ ಗೆಳತಿಯ ಚಿತ್ರ ನೋಡಿ ಬರೆದುಕೊಂಡಿದ್ದಳು, ಅಷ್ಟೇ.

ಶೌಕಿ ಬಗ್ಗಿ ನೋಡಿದ. ನೋಡಿದ್ದೇ ಅವನಿಗೆ ಗೊತ್ತಾಯಿತು, ಅದು ಬರೀ ಗಾಳಿಗುಳ್ಳೆ. ನಿನ್ನೆಯ ಸೇಡು ತೀರಿಸಿಕೊಳ್ಳಲು ಒಂದು ಮಾತು ಸಾಕಿತ್ತು.

"ತಪ್ಪು ನನ್ನದು ಮಿಸ್," ಎಂದ. "ಗಾಜು ಸರಿಯಾಗಿ ಒರೆಸಿರಲಿಲ್ಲ, ಗಾಳಿ ಸೇರ್ಕೊಂಡಿದೆ. ಇನ್ನೊಂದು ಮಾಡ್ತೀನಿ."

ಸೂಜಿಯ ಮೇಲೆ ಗಾಜನ್ನು ಓರೆಯಾಗಿಟ್ಟು ಮೆಲ್ಲಗೆ ಇಳಿಸಿದ. "ಮೊದಲು ಮಿಸ್ ನೋಡಲಿ."

ರಬಾಬ್ ನೋಡಿದಳು. ಹಳದಿ ಇಟ್ಟಿಗೆಗಳ ಸಾಲು ಸಾಲು, ಒಂದೊಂದರಲ್ಲೂ ಒಂದು ಕಂದು ಚುಕ್ಕೆ. ಕಣ್ಣು ಕೀಳಲಾಗಲಿಲ್ಲ. 'ಇದನ್ನ ಇಷ್ಟು ವರ್ಷ ಬರೀ ಬಾಯಲ್ಲೇ ಹೇಳ್ತಾ ಬಂದೆನಲ್ಲ...'

ಆಮೇಲೆ ಬೋರ್ಡ್ ಒರೆಸಿದಳು. "ನಾನು ಬರೆದದ್ದು ಗಾಳಿಗುಳ್ಳೆ, ನೀವೂ ಅಳಿಸಿ. ತಪ್ಪು ಉಸ್ತಾಜ್ ಅವರದ್ದಲ್ಲ, ನನ್ನದು."

ಶೌಕಿ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ.

ಅಂದಿನಿಂದ ಪ್ರತಿ ಸೋಮವಾರ ಗಂಟೆ ಹೊಡೆದ ಮೇಲೆ, ಬಾಗಿಲು ಪೂರ್ತಿ ತೆರೆದಿಟ್ಟು, ಅವನು ಅವಳಿಗೆ ಸ್ಲೈಡ್ ಮಾಡುವುದನ್ನು ಕಲಿಸಿದ. ಎಲೆಯ ಪೊರೆ, ಕೆನ್ನೆಯ ಒಳಗಿನ ಕೋಶ, ನೈಲ್ ಕಾಲುವೆಯ ನೀರು... ಮಾತೆಲ್ಲ ಅದರದ್ದೇ. ನಾಲ್ಕು ತಿಂಗಳಲ್ಲಿ ರಬಾಬ್‌ಗೆ ಅವನೆಂದರೆ ಪ್ರಾಣವಾಯಿತು. ಹೇಳಬೇಕಾದವನು ಅವನು ಎಂದು ಅವಳು ಬಾಯಿ ಬಿಡಲಿಲ್ಲ.

ಆದರೆ ಚಳಿಗಾಲದ ಪೋಷಕರ ಸಭೆ ಮುಗಿದದ್ದೇ ತಡ, ಶೌಕಿ ಬದಲಾಗಿಬಿಟ್ಟ. ಕೇಳಿದ್ದಕ್ಕೆ 'ಹೂಂ', ಇಲ್ಲವೇ 'ಇಲ್ಲ'. ಸೋಮವಾರದ ಪಾಠವೂ ನಿಂತಿತು. 'ನಾನು ಬೇಡವಾದೆ' ಅಂದುಕೊಂಡಳು ರಬಾಬ್. ಮನೆಗೆ ಹೋಗಿ ಒಬ್ಬಳೇ ಅತ್ತಳು, ಯಾರೂ ನೋಡಲಿಲ್ಲ.

ಒಂದು ದಿನ ಮುಖ್ಯೋಪಾಧ್ಯಾಯಿನಿ ಕರೆದರು. "ಶೌಕಿ ತಾನಾಗೇ ಕೇಳ್ಕೊಂಡು ಅಷ್ಟು ದೂರದ ಮತ್ರೂಹ್ ಊರಿಗೆ ವರ್ಗ ಮಾಡಿಸ್ಕೊಂಡಿದ್ದಾನೆ. ಅವನ ಹೆಸರಲ್ಲಿರೋ ಪ್ರಯೋಗಾಲಯದ ಸಾಮಾನು ಯಾರಾದರೂ ಸುಪರ್ದಿಗೆ ತಗೊಂಡರೇ ಬಿಡುಗಡೆ. ಬೇರೆ ಯಾರೂ ಒಪ್ತಿಲ್ಲ. ನೀನೇ ಸಹಿ ಹಾಕಮ್ಮ."

ಅವನನ್ನು ಕಳಿಸುವ ಸಹಿ ತಾನೇ ಹಾಕಬೇಕು.

ಶೌಕಿ ಬೀರು ತೆರೆದು ಪಟ್ಟಿ ಓದುತ್ತಾ ಹೋದ. ರಬಾಬ್ ಒಂದೊಂದಕ್ಕೂ ಗುರುತು ಹಾಕುತ್ತಾ ಹೋದಳು. ಕೊನೆಯ ಪುಟಕ್ಕೆ ಬಂದಾಗ ಅವನು ಬೆರಳಿಟ್ಟು ತೋರಿಸಿದ.

"ಇಲ್ಲಿ ಸಹಿ ಮಿಸ್."

"ಹಾಕದಿದ್ರೆ?"

"ನನ್ನನ್ನ ಬಿಡಲ್ಲ."

"ಮತ್ರೂಹ್‌ನಲ್ಲಿ ಏನಿದೆ?"

"ಸಮುದ್ರ ಇದೆ."

"ಸಮುದ್ರ ನೋಡೋಕೆ ಯಾರೂ ವರ್ಗ ಕೇಳಲ್ಲ. ನಾನೇನು ತಪ್ಪು ಮಾಡಿದೆ, ಅದನ್ನ ಹೇಳಿ."

ಅವನು ಪುಟದ ಮೇಲಿಂದ ಬೆರಳು ತೆಗೆದ. ಆಮೇಲೆ ಅವಳ ಬಲಗೈ ನೋಡಿದ.

"ಸಭೆಯ ದಿನ ಈ ಬೆರಳಿಗೆ ಉಂಗುರ ಬಂತು. ನಿಶ್ಚಿತಾರ್ಥ ಆಯ್ತು ಅಂತ ಗೊತ್ತಾಯ್ತು. ನಿಮಗೆ ಒಳ್ಳೇದಾಗ್ಲಿ. ಆದ್ರೆ ದಿನಾ ಅದನ್ನ ನೋಡ್ಕೊಂಡು ಇಲ್ಲಿರೋಕೆ ನನ್ನ ಕೈಲಾಗಲ್ಲ... ನೀವಂದ್ರೆ ನನಗೆ ಅಷ್ಟು ಇಷ್ಟ."

ರಬಾಬ್ ತನ್ನ ಬೆರಳು ನೋಡಿಕೊಂಡಳು. ನಗು ಬಂತು, ಜೊತೆಗೆ ಕಣ್ಣೀರೂ ಬಂತು.

"ಇದು ಗಿಲೀಟು. ಬಜಾರಿನಲ್ಲಿ ನಾನೇ ಕೊಂಡಿದ್ದು. ಸಭೆಗೆ ಬಂದ ತಾಯಂದಿರು ಮಗಳ ಅಂಕ ಕೇಳೋದು ಬಿಟ್ಟು, ನನ್ನ ತಮ್ಮನಿಗೆ ಬರ್ತೀಯಾ, ಮೈದುನನಿಗೆ ಬರ್ತೀಯಾ ಅಂತ ಪ್ರಾಣ ತಿಂತಾರೆ. ಬೆರಳು ತೋರಿಸಿದ್ರೆ ಸುಮ್ಮನಾಗ್ತಾರೆ, ಅದಕ್ಕೇ ತೆಗೆದಿಲ್ಲ."

"ಅಂದ್ರೆ... ನಿಶ್ಚಿತಾರ್ಥ?"

"ಯಾರ ಜೊತೆ? ಕೇಳಬೇಕಾದವರು ಮತ್ರೂಹ್‌ಗೆ ಹೊರಟು ನಿಂತಿದ್ದಾರೆ."

ಶೌಕಿ ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟ. "ರಬಾಬ್..." 'ಮಿಸ್' ಅನ್ನದೆ ಅವನು ಆ ಹೆಸರು ಹೇಳಿದ್ದು ಅದೇ ಮೊದಲು. "ಗುರುವಾರ ಅಮ್ಮನನ್ನ ಕರ್ಕೊಂಡು ನಿಮ್ಮನೆಗೆ ಬರಲಾ?"

"ಬನ್ನಿ. ಅಪ್ಪ ಮೊದಲು ಕೇಳೋದೇ ಕೆಲಸ ಎಲ್ಲಿ ಅಂತ. ಮತ್ರೂಹ್ ಅಂದ್ರೆ ಚಹಾ ಕೂಡ ಕೊಡಲ್ಲ."

"ದಮನ್‌ಹೂರ್ ಅಂತೀನಿ. ಹೊರಟಿದ್ದೆ, ನಿಮ್ಮ ಮಗಳು ಬಿಡಲಿಲ್ಲ ಅಂತೀನಿ."

ರಬಾಬ್ ಸಹಿಯಿಲ್ಲದ ಪುಸ್ತಕವನ್ನು ಮುಚ್ಚಿ ಅವನ ಕಡೆಗೇ ಸರಿಸಿದಳು.

"ಹಾಗೇ ಹೇಳಿ," ಎಂದಳು. "ಸುಳ್ಳೇನಲ್ಲವಲ್ಲ."