ಹೊರಡದ ಅಂಬಾಸಿಡರ್

ಆ ಭಾನುವಾರ ಬೆಳಗ್ಗೆ ಸಮೇತನಹಳ್ಳಿಯಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಗೋಪಾಲಪ್ಪನ ಕೂಗು ಮೊದಲು ಬಂತು, ಗೋಪಾಲಪ್ಪ ಆಮೇಲೆ ಕಂಡ.

"ಅಪ್ಪಯ್ಯಣ್ಣಾ, ಕಳ್ಳತನ! ನನ್ನ ಅಂಬಾಸಿಡರ್ ರೋಟರ್ ಕಿತ್ಕೊಂಡು ಹೋಗವ್ನೆ ಆ ನವೀನ!"

ನಿವೃತ್ತ ಪೊಲೀಸ್ ದಫೇದಾರ ಅಪ್ಪಯ್ಯಣ್ಣ ವಿಭೂತಿ ಹಚ್ಚಿ ಮುಗಿಸಿಯೇ ಎದ್ದರು. ರೋಟರ್ ಎಂದರೆ ಹೆಬ್ಬೆರಳಷ್ಟು ಕಪ್ಪು ತುಂಡು. ಅದಿಲ್ಲದೆ ಪ್ಲಗ್ಗಿಗೆ ಕಿಡಿ ಮುಟ್ಟದು. ಪಂದ್ಯದ ದಿನವೇ ಮಾಯ!

ಗೋಪಾಲಪ್ಪನ ಅಂಬಾಸಿಡರ್ ಮೇಲೋ, ಅವನ ಹೆಂಡತಿಯ ತಮ್ಮ ನವೀನ್‌ಕುಮಾರನ ಪದ್ಮಿನಿ ಮೇಲೋ? ಇಂದು ಘಾಟಿ ಸುಬ್ರಹ್ಮಣ್ಯದವರೆಗೆ ಓಡಿಸಿ ತೀರ್ಮಾನ. ಎರಡು ಮುದಿ ಕಾರು, ಎರಡು ಎಳೆ ಬುದ್ಧಿ — ಎಂದುಕೊಂಡರು ಅಪ್ಪಯ್ಯಣ್ಣ.

ಗೋಪಾಲಪ್ಪನ ಅಂಗಳದಲ್ಲಿ ಪದ್ಮಿನಿಯ ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರದಡಿ ನಿಂಬೆಹಣ್ಣು. ಅಂಬಾಸಿಡರ್ ಕನ್ನಡಿಯಂತೆ ಹೊಳೆಯುತ್ತ ಬರಿ ನೆಲದ ಮೇಲೆ ನಿಂತಿತ್ತು. ನವೀನ ತನ್ನ ಪದ್ಮಿನಿಗೆ ಒರಗಿ ನಿಂತಿದ್ದ; ಅದರ ಕೀಯನ್ನು ಗೋಪಾಲಪ್ಪ ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

"ರೋಟರ್ ಕೊಡೋವರ್ಗೂ ಕೀ ಇಲ್ಲ. ಇನ್ಮೇಲೆ ಶಶಿರೇಖಾನೂ ಇವನ ಹೊಸಲು ತುಳಿಯಂಗಿಲ್ಲ!"

ಹೆಂಡತಿ ಶಶಿರೇಖಾ ಕಣ್ಣೊರೆಸಿಕೊಂಡಳು. "ಅಪ್ಪಯ್ಯಣ್ಣಾ, ತವರು ಅಂತ ನಂಗಿರೋನು ಇವನೊಬ್ಬನೇ."

"ನವೀನ, ಅಂಬಾಸಿಡರ್ ಬಾನೆಟ್ ಎತ್ತಿದ್ಯಾ?" ಎಂದರು ಅಪ್ಪಯ್ಯಣ್ಣ.

"ಈ ತಗಡಿನ ಎಮ್ಮೆನ ಸೋಲಿಸೋಕೆ ಕದೀಬೇಕಾ? ನಾನು ವಾರವಾರ ಕಾರ್ಬುರೇಟರ್ ಬಿಚ್ಚಿ ತೊಳೀತೀನಿ. ಭಾವ ತೊಳೆಯೋದು ಬರೀ ಮೈ. ಸೂಲಿಬೆಲೆ ಮುಟ್ಟೋದ್ರೊಳಗೆ ಕುದಿಯುತ್ತೆ!"

"ಲೇ, ನಿನ್ ಬೆಂಕಿಪೊಟ್ಟಣದಲ್ಲಿ ನಾಕ್ ಜನ ಕೂತ್ರೆ ದಿಬ್ಬ ಹತ್ತಲ್ಲ ಕಣೋ! ನಂದ್ರಲ್ಲಿ ಅರ್ಧ ದಿಬ್ಬಣ ಹೋಗುತ್ತೆ!"

"ಹೋಗುತ್ತೆ — ಹಿಂದಿಂದ ತಳ್ಕೊಂಡು."

"ಸಾಕು! ಗೋಪಾಲಪ್ಪ, ಕಳುವಾಗಿದ್ದು ಗೊತ್ತಾಗಿದ್ದು ಹೆಂಗೆ?"

"ಹೊರಡೋಣ ಅಂತ ಕೂತು ಕೀ ತಿರುಗಿಸ್ದೆ. ಸ್ಟಾರ್ಟ್ ಆಗ್ಲಿಲ್ಲ. ಬಾನೆಟ್ ಎತ್ತಿದ್ರೆ — ರೋಟರ್ ಇಲ್ಲ!"

"ಆಮೇಲೆ ಏನಾದ್ರೂ ಮುಟ್ಟಿದ್ಯಾ?"

"ಇಲ್ಲ. ಹೆಂಗಿತ್ತೋ ಹಂಗೇ ಬಿಟ್ಟು ಓಡ್ಬಂದೆ."

ಅಪ್ಪಯ್ಯಣ್ಣ ಬಗ್ಗಿ ಅಂಬಾಸಿಡರ್ ಚಕ್ರಗಳನ್ನು ನೋಡಿದರು. ನಕ್ಕರು — ಮೂಗಿನಲ್ಲಿ.

"ಹಾಲಿನ ಡೈರಿಗೆ ಹೋಗೋಕೂ ಚಕ್ರಕ್ಕೆ ನಿಂಬೆಹಣ್ಣು ಇಡೋನು ನೀನು. ಒಂದ್ಸಲ ಮರೆತು ಅರ್ಧ ದಾರಿಯಿಂದ ವಾಪಸ್ ಬಂದಿದ್ದೆ. ಇವತ್ತು ಘಾಟಿಗೆ ಹೊರಟೋನು ನಿಂಬೆಹಣ್ಣಿಲ್ದೆ ಕೀ ತಿರುಗಿಸಿದ್ಯಾ? ಇಲ್ಲ ಕಣಪ್ಪ. ಗಾಡಿ ಹೊರಡಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತು. ದೇವರ ಹೆಸರಲ್ಲಿ ಪೂಜೆ ಮಾಡಿ ನಾಟಕ ಆಡೋಕೆ ಭಯ. ಹೆಂಡ್ತಿ ತಮ್ಮನ್ನ ಕಳ್ಳ ಅನ್ನೋಕೆ ಭಯ ಇಲ್ಲ! ಸೋತ ಕಾರಿಗಿಂತ ಕಳುವಾದ ಕಾರಿಗೆ ಮರ್ಯಾದೆ ಜಾಸ್ತಿ ಅಂತ ರೋಟರ್ ಬಿಚ್ಚಿದೋನು ನೀನೇ. ತೆಗಿ, ಜೇಬಿಂದ."

ಕಪ್ಪು ತುಂಡು ಹೊರಬಂತು. ಯಾರೂ ಅದನ್ನು ಮುಟ್ಟಲಿಲ್ಲ.

ಶಶಿರೇಖಾ ಗಂಡನ ಮುಂದೆಯೇ ನಡೆದು ಹೋಗಿ ಪದ್ಮಿನಿಯಲ್ಲಿ ಕುಳಿತಳು. ಗೋಪಾಲಪ್ಪ ತಲೆ ಎತ್ತದೆ ಇನ್ನೊಂದು ಮುಷ್ಟಿಯನ್ನು ಸಡಿಲಿಸಿ, ಕೀಯನ್ನು ಭಾಮೈದನ ಅಂಗೈಯಲ್ಲಿ ಇಟ್ಟ.